ಹತ್ತು ಕಾಳಿನ ಚಿಪ್ಪುಗಳು

ತೆಂಗಿನ ಚಿಪ್ಪನ್ನು ನೆಲದ ಮೇಲೆ ಅಲುಗದಂತೆ ಕೂರಿಸುವುದು ಸುಲಭವಲ್ಲ. ತಳ ದುಂಡಗಿರುತ್ತದೆ. ಮುಟ್ಟಿದರೆ ವಾಲುತ್ತದೆ, ವಾಲಿದರೆ ಒಳಗಿನ ಮರಳು ಚೆಲ್ಲುತ್ತದೆ. ಆದ್ದರಿಂದ ಶಾಲೆಯ ಹಿಂದಿನ ಜಗಲಿಯ ಮೇಲೆ ಮೊದಲು ಮರಳಿನ ಹಾಸು ಹರಡಿಸಿದೆ. ಅದರಲ್ಲಿ ಚಿಪ್ಪುಗಳು ಗೂಡಿನ ಮೊಟ್ಟೆಗಳ ಹಾಗೆ ಕೂತವು. ಇಪ್ಪತ್ತು ಚಿಪ್ಪು ಒಂದು ಸಾಲು, ಇಪ್ಪತ್ತು ಚಿಪ್ಪು ಇನ್ನೊಂದು ಸಾಲು, ನಡುವೆ ಒಬ್ಬರು ಕುಕ್ಕರುಗಾಲಲ್ಲಿ ಕೂರುವಷ್ಟು ಜಾಗ. ಪ್ರತಿ ಚಿಪ್ಪಿಗೂ ಹತ್ತು ಬಿಳಿಜೋಳದ ಕಾಳು. ಒಂದು ಸಾಲಿಗೆ ಸುಣ್ಣದ ಗುರುತು, ಇನ್ನೊಂದಕ್ಕೆ ಕೆಮ್ಮಣ್ಣಿನ ಗುರುತು.

ಈಗ ನಿವೃತ್ತಳಾಗಿ ಕೊಟ್ಟೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಕಾಯಿ ತುರಿದ ಮೇಲೆ ಚಿಪ್ಪನ್ನು ಎಸೆಯಲು ಇಂದಿಗೂ ಮನಸ್ಸು ಬರುವುದಿಲ್ಲ. ತೊಳೆದು ಕಿಟಕಿಯ ಕೆಳಗೆ ಬೋರಲು ಹಾಕುತ್ತೇನೆ. ಸೊಸೆ ನೋಡಿ, "ಅತ್ತಿ, ಇಲ್ಲೇ ಮತ್ತೊಂದು ಸಾಲಿ ತೆರೀತೀರೇನ್ರಿ?" ಎಂದು ಕಾಡಿಸುತ್ತಾಳೆ. ಶಾಲೆ ತೆರೆಯುವ ಆಸೆಯೇನೂ ಇಲ್ಲ. ಆದರೆ ಆ ನಲವತ್ತು ಚಿಪ್ಪುಗಳನ್ನು ನೆನೆದರೆ ಒದ್ದೆ ಮರಳಿನ ವಾಸನೆ, ಬೆಳಗಿನ ಪ್ರಾರ್ಥನೆಯ ಗದ್ದಲ, ಬಿಸಿಯೂಟದ ಕೋಣೆಯ ಹೊಗೆ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ.

ನನ್ನ ಕೆಲಸದ ಕೊನೆಯ ವರ್ಷಗಳು ಕಳೆದದ್ದು ಹೂವಿನಹಡಗಲಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಊರ ಸುತ್ತ ಎರೆಭೂಮಿ. ಮಳೆ ಬಂದರೆ ಕಾಲಿಗೆ ಸೇರುಗಟ್ಟಲೆ ಕೆಸರು ಮೆತ್ತಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರುಕು ಬಿಡುತ್ತಿತ್ತು. ನಾನು ಕೆಂಪು ನೆಲದ ಕೂಡ್ಲಿಗಿ ಕಡೆಯವಳು. ಆ ಕಪ್ಪು ಮಣ್ಣಿಗೆ ಹೊಂದಿಕೊಳ್ಳಲು ಎರಡು ಮಳೆಗಾಲ ಬೇಕಾದವು.

ಶಿಸ್ತು ನನಗೆ ಬಂದದ್ದು ಹರಪನಹಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಗಂಟೆಯಿಲ್ಲದ ನಮ್ಮ ಮನೆಗೆ ರಜೆಗೆ ಹೋದರೆ ಅಲ್ಲೇ ಇರುಸುಮುರುಸಾಗುತ್ತಿತ್ತು. ಆ ಅಭ್ಯಾಸ ಕೈಬಿಡಲಿಲ್ಲ. ವಿಜ್ಞಾನದ ಪ್ರಯೋಗಕ್ಕೂ ಅದೇ ಒಳ್ಳೆಯದು ಎಂದು ನಂಬಿದ್ದೆ. ಎಣಿಕೆ ಒಂದೇ ಹೊತ್ತಿಗೆ ಆಗಬೇಕು, ಒಂದೇ ರೀತಿ ಆಗಬೇಕು, ಎಣಿಸುವಾಗ ಮಾತು ಇರಬಾರದು.

ಒಂಬತ್ತನೆಯ ತರಗತಿಯಲ್ಲಿ ಅಂಕಿಅಂಶದ ಪಾಠ ಬರುತ್ತದೆ. ಪುಸ್ತಕದಲ್ಲಿ ಅಂಕಿಗಳು ಸಿದ್ಧವಾಗಿ ಕೂತಿರುತ್ತವೆ. ಯಾವುದೋ ಮಕ್ಕಳ ತೂಕ, ಯಾರೋ ಹೊಡೆದ ರನ್ನು. ಅವನ್ನು ಕೂಡಿ ಭಾಗಿಸಿದರೆ ಸರಾಸರಿ ಬರುತ್ತದೆ, ಅಂಕವೂ ಬರುತ್ತದೆ. ಆ ಅಂಕಿಗಳು ಎಲ್ಲಿಂದ ಬಂದವು, ಎಣಿಸಿದವರು ಯಾರು, ಹೇಗೆ ಎಣಿಸಿದರು ಎಂದು ಯಾವ ಮಗುವೂ ಕೇಳುವುದಿಲ್ಲ. ಕೇಳಲಿ ಎಂಬ ಆಸೆಯಿಂದ ನಾನು ಪ್ರತಿ ವರ್ಷ ಬೀಜ ಮೊಳೆಸುವ ಪ್ರಯೋಗ ಇಡುತ್ತಿದ್ದೆ. ಮಕ್ಕಳೇ ಎಣಿಸಿ, ಪಟ್ಟಿ ಮಾಡಿ, ಸ್ತಂಭಾಲೇಖ ಬರೆಯಬೇಕು.

ಆ ವರ್ಷ ಉತ್ತರಿ ಮಳೆಗೆ ಮುಂಚೆ ಒಬ್ಬ ರೈತ ಶಾಲೆಗೆ ಬಂದರು. ಅವರ ಮಗಳು ನನ್ನ ತರಗತಿಯಲ್ಲಿದ್ದಳು, ಚುರುಕಾದ ಹುಡುಗಿ, ಗಂಟಲು ದೊಡ್ಡದು. ಅಪ್ಪ ಬೈಕನ್ನು ಬೇವಿನ ಮರಕ್ಕೆ ಒರಗಿಸಿ ನೇರವಾಗಿ ವಿಷಯಕ್ಕೇ ಬಂದರು.

"ಅಕ್ಕೋರ, ನೀವ ಹೇಳ್ರಿ. ನಮ್ಮವ್ವನ ಜ್ವಾಳ ಬಿತ್ತಲೋ, ಹಡಗಲಿಯಿಂದ ಪಾಕೀಟಿನ ಬೀಜ ತರಲೋ?"

"ಹೊಲ ನಿಮ್ದು, ಅವ್ವ ನಿಮ್ಮವ್ರು. ನಾ ಏನು ಹೇಳ್ಲಿ?"

"ನೀವು ಬೀಜ ಮೊಳಿಸಿ ಎಣಿಸ್ತೀರಂತ, ಮಗಳು ಹೇಳಿದ್ಲು. ಎರಡೂ ಕೊಡ್ತೀನಿ, ಎಣಿಸಿಬಿಡ್ರಿ. ಹೋದ ವರ್ಷ ಅವ್ವನ ಬೀಜ ಸಾಲಿನಾಗ ಅಲ್ಲಲ್ಲೇ ಖಾಲಿ ಬಿದ್ದಿತ್ತು. ನಾ ಬ್ಯಾಡ ಅಂತೀನಿ, ಆಕಿ ಬೇಕು ಅಂತಾಳ. ದಿನಾ ರೊಟ್ಟಿ ತಟ್ಟೂ ಹೊತ್ತಿಗೆ ಜಗಳ ಸುರು. ಅವ್ವಂದು ಕಮ್ಮಿ ಹುಟ್ಟಿತಂದ್ರ ಅಷ್ಟೂ ಗಿರಣಿಗೆ ಹಾಕಿ ಹಿಟ್ಟು ಮಾಡಸ್ತೀನಿ. ಸಮ ಬಂತಂದ್ರ ಅದನ್ನ ಬಿತ್ತತೀನಿ. ಮಾತಂದ್ರ ಮಾತು."

ಮರುದಿನ ಆ ಅವ್ವ ತಾವೇ ಬಂದರು. ಮಗನ ಕೈಯಲ್ಲಿ ಬೀಜ ಕಳಿಸಲು ಅವರಿಗೆ ನಂಬಿಕೆಯಿರಲಿಲ್ಲ.

"ಅಂವ ಹುಳಕ ಆರಿಸಿ ಕೊಡ್ತಾನ. ಅದಕ್ಕ ನಾನ ಬಂದೆ. ಉಡಿ ಒಡ್ರಿ ಅಕ್ಕೋರ."

ನಾನು ಸೆರಗು ಒಡ್ಡಿದೆ. ಬೂದಿ ಹತ್ತಿದ ಜೋಳ ಸುರಿದರು. ಬಾಗಳಿ ಕಡೆಯ ತವರಿನಿಂದ ಮದುವೆಯಾಗಿ ಬರುವಾಗ ಅವರ ಉಡಿಗೆ ಹಾಕಿದ ಜೋಳದ ತಳಿ ಅದು. ಅಂದಿನಿಂದ ಪ್ರತಿ ಸುಗ್ಗಿಯಲ್ಲಿ ಬೀಜಕ್ಕೆಂದು ತೆನೆ ತೆಗೆದಿಟ್ಟು, ಬೂದಿ ಕಲಸಿ, ಮಣ್ಣಿನ ಗಡಿಗೆಯಲ್ಲಿ ಕಾಪಾಡಿಕೊಂಡು ಬಂದಿದ್ದರು. ಇದನ್ನು ಅವರು ಹೆಮ್ಮೆಯಿಂದ ಹೇಳಲಿಲ್ಲ. ಎಮ್ಮೆಗೆ ಹುಲ್ಲು ಹಾಕಿದೆ ಎನ್ನುವ ದನಿಯಲ್ಲೇ ಹೇಳಿದರು.

ನಾನು ಕಾಳನ್ನು ಮೊರದಲ್ಲಿ ಹರಡಿ, ಕಣ್ಣು ಮುಚ್ಚಿ ಅಲ್ಲಿ ಇಲ್ಲಿ ಚಿಟಿಕೆ ಚಿಟಿಕೆ ತೆಗೆಯಲು ಮಕ್ಕಳಿಗೆ ಹೇಳಿದೆ. ಅಜ್ಜಿ ಗಾಬರಿಯಾದರು.

"ಕೈಗೆ ಬಂದದ್ದು ತಗೊಂಡ್ರ ಹೆಂಗ್ರಿ? ಚಲೋವು ಆರಿಸ್ರಿ."

"ಚಲೋವು ಆರಿಸಿದ್ರ ಅದು ಪರೀಕ್ಷೆ ಅಲ್ಲಜ್ಜಿ. ಹೊಲದಾಗ ಎಲ್ಲಾ ಬೀಳ್ತಾವಲ್ಲ, ಚಲೋವೂ ಕೆಟ್ಟವೂ?"

"ಹೆಣ್ಣು ತೋರಸೂವಾಗ ಮಾರಿ ತೊಳದು ತೋರಸ್ತೀವೋ, ಇಲ್ಲೋ?"

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಮಾದರಿಯನ್ನು ಆರಿಸದೆ ತೆಗೆಯಬೇಕು ಎಂಬ ಪಾಠ ನನ್ನ ಯಾವ ತರಗತಿಯಲ್ಲೂ ಅಷ್ಟು ಚೆನ್ನಾಗಿ ಮನಸ್ಸಿಗೆ ಹತ್ತಿರಲಿಲ್ಲ. ಆಮೇಲೆ ಆ ವರ್ಷವೆಲ್ಲ ಯಾರಾದರೂ ಒಳ್ಳೆಯ ಅಂಕಿಯನ್ನಷ್ಟೇ ಬರೆದು ತಂದರೆ, "ಏ, ಮಾರಿ ತೊಳದು ತಂದಾನ ನೋಡ್ರಿ ಟೀಚರ್" ಎಂದು ಉಳಿದವರು ಕೂಗುತ್ತಿದ್ದರು.

ಎಣಿಕೆಗೆ ಇಬ್ಬರನ್ನು ನೇಮಿಸಿದೆ. ಮೊಳಕೆಗಳನ್ನು ಒಂದೊಂದಾಗಿ ಮುಟ್ಟಿ ಕೂಗುವವಳು ಅದೇ ಅಜ್ಜಿಯ ಮೊಮ್ಮಗಳು. ಅವಳ ಮನೆಯ ಬೀಜ, ಅವಳಿಗೇ ಆಸಕ್ತಿ. ಆದ್ದರಿಂದಲೇ ಬರೆಯುವ ಕೆಲಸ ಅವಳಿಗೆ ಕೊಡಲಿಲ್ಲ. ಬರೆಯಲು ಕೂತವಳು ಊರಿನ ಬ್ಯಾಂಕಿಗೆ ಕರಾವಳಿಯಿಂದ ವರ್ಗವಾಗಿ ಬಂದವರ ಮಗಳು. ಕನ್ನಡಕ, ಮುತ್ತು ಪೋಣಿಸಿದಂಥ ಅಕ್ಷರ, ಪುಸ್ತಕದಂಥ ಕನ್ನಡ. ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಇಬ್ಬರೂ ಜಗಳವಾಡುತ್ತಲೇ ಗೆಳತಿಯರಾಗಿದ್ದರು.

ನನ್ನ ನಿಯಮ ಇಷ್ಟು. ಬರೆಯುವವಳು ಚಿಪ್ಪಿನ ಕಡೆಗೆ ಬೆನ್ನು ಮಾಡಿ ಕೂರಬೇಕು. ಪ್ರತಿ ಕೂಗಿಗೆ ಒಂದು ಗೆರೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಕೂಗುವವರು ಸಂಖ್ಯೆ ಹಾರಿಸುವುದುಂಟು, ಆದ್ದರಿಂದ ಕೊನೆಗೆ ಕೂಗಿದ ಅಂಕಿಯನ್ನು ನಂಬಬಾರದು, ಗೆರೆಯನ್ನು ನಂಬಬೇಕು. ಎಣಿಕೆ ಮುಗಿಯುವವರೆಗೆ ಪ್ರಶ್ನೆ ಇಲ್ಲ, ಹರಟೆ ಇಲ್ಲ.

ವಾರ ತುಂಬಿದ ದಿನ ಪ್ರಾರ್ಥನೆಗೆ ಮುಂಚೆ ಅವರು ಎಣಿಸಿದರು. ನಾನು ಅಂಗಳದಲ್ಲಿ ಮಕ್ಕಳ ಸಾಲು ನೆಟ್ಟಗೆ ಮಾಡಿಸುತ್ತಿದ್ದೆ. ಪ್ರಾರ್ಥನೆ ಮುಗಿಸಿ ನಾವು ಒಳಗೆ ಹೋದೆವು, ಬಿಸಿಯೂಟದ ಅಡುಗೆಯವಳ ಆಡು ಜಗಲಿ ಹತ್ತಿತು. ಅದು ಸುಣ್ಣದ ಸಾಲು, ಕೆಮ್ಮಣ್ಣಿನ ಸಾಲು ಎಂಬ ಭೇದ ಮಾಡಲಿಲ್ಲ. ಎರಡನ್ನೂ ನುಣ್ಣಗೆ ಮೇಯ್ದು, ಚಿಪ್ಪುಗಳನ್ನು ಉರುಳಿಸಿ ಹೋಯಿತು.

"ಹೋಗ್ಲಿ ಬಿಡ್ರಿ ಟೀಚರ್, ಎಣಿಕಿ ಮುಗದಿತ್ತಲ್ಲ" ಎಂದಳು ಕೂಗಿನವಳು. ನನಗೂ ಹಾಗೆಯೇ ಅನಿಸಿತು.

ಗೆರೆಗಳನ್ನು ಅಂಕಿ ಮಾಡಿ, ಕಪ್ಪುಹಲಗೆಯ ಮೇಲೆ ಕೂಡಿ, ಭಾಗಿಸಿದೆವು. ಪಾಕೀಟಿನ ಬೀಜ ಚಿಪ್ಪಿಗೆ ಸರಾಸರಿ ಒಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆ. ಅಜ್ಜಿಯ ಬೀಜ ಸರಿಯಾಗಿ ಎಂಟು. ಎರಡು ಸಲ ಕೂಡಿದೆವು, ಎಂಟೇ ಬಂತು. ಮೊಮ್ಮಗಳು ಅಳಲಿಲ್ಲ. ಡ್ರಾಯಿಂಗ್ ಹಾಳೆಯಲ್ಲಿ ಅಜ್ಜಿಯ ಕಂಬಗಳಿಗೆ ಕೆಂಪು ತುಂಬುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ಪೆನ್ಸಿಲ್ಲನ್ನು ಡಬ್ಬಿಯಲ್ಲಿಟ್ಟು, ಡಬ್ಬಿ ಮುಚ್ಚಿದಳು.

"ಅಪ್ಪಗ ಹೇಳಬೇಕೇನ್ರಿ?" ಎಂದು ಕೇಳಿದಳು.

"ಹೇಳಬೇಕು. ಆದ್ರ ಇವತ್ತಲ್ಲ. ಹಾಳಿ ನನ್ನ ಹತ್ರ ಇರ್ಲಿ."

ಇವತ್ತಲ್ಲ ಎಂದು ನಾನೇಕೆ ಹೇಳಿದೆನೋ ಆ ಗಳಿಗೆಯಲ್ಲಿ ನನಗೇ ಗೊತ್ತಿರಲಿಲ್ಲ. ಊರಿನಲ್ಲಿ ಇಂಥ ಸುದ್ದಿ ನನ್ನ ಅಪ್ಪಣೆಗೆ ಕಾಯುತ್ತದೆಯೇ? ಸಂಜೆಯೊಳಗೆ ಅಪ್ಪನಿಗೂ ಮುಟ್ಟಿತು, ಅಜ್ಜಿಗೂ ಮುಟ್ಟಿತು.

ಮನೆಯಲ್ಲಿ ಹಾಳೆಯನ್ನು ಗೋಡೆಗೆ ಒರಗಿಸಿಟ್ಟು ಚಹಾ ಕುಡಿಯುತ್ತ ನೋಡಿದೆ. ಸರಾಸರಿ ಎಂಬುದು ಒಂದೇ ಅಂಕಿ. ಅದು ಚಿಪ್ಪುಗಳ ಕಥೆಯನ್ನೆಲ್ಲ ಒಂದು ಮಾತಿಗೆ ಇಳಿಸುತ್ತದೆ, ಇಳಿಸುವಾಗ ಬಹಳಷ್ಟನ್ನು ನುಂಗುತ್ತದೆ. ಕಂಬಗಳು ಹಾಗಲ್ಲ. ಎಷ್ಟು ಮೊಳಕೆ ಬಂದ ಚಿಪ್ಪುಗಳು ಎಷ್ಟು ಎಂದು ಒಂದೊಂದಾಗಿ ನಿಂತು ಹೇಳುತ್ತವೆ. ಪಾಕೀಟಿನ ಬೀಜಕ್ಕೆ ಎಂಟರ ಮೇಲೆ ಒಂದು ಕಂಬ, ಒಂಬತ್ತರ ಮೇಲೆ ಎತ್ತರದ ಕಂಬ, ಹತ್ತರ ಮೇಲೆ ಗಿಡ್ಡ ಕಂಬ. ಅದು ಸಹಜವಾಗಿತ್ತು. ಅಜ್ಜಿಯ ಬೀಜಕ್ಕೆ ಆರು, ಏಳು, ಎಂಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ಒಂಬತ್ತರ ಮೇಲೆ ಎಲ್ಲಕ್ಕಿಂತ ಎತ್ತರದ ಕಂಬ. ಪಕ್ಕದಲ್ಲಿ, ಹತ್ತರ ಮೇಲೆ, ಏನೂ ಇಲ್ಲ. ಖಾಲಿ.

ಚಹಾ ಆರಿತು. ಸುಮಾರು ಅರ್ಧದಷ್ಟು ಚಿಪ್ಪುಗಳಲ್ಲಿ ಒಂಬತ್ತು ಕಾಳು ಮೊಳೆತಿವೆ. ಅಷ್ಟು ಚೆನ್ನಾಗಿ ಹುಟ್ಟುವ ಬೀಜ ಒಂದೇ ಒಂದು ಚಿಪ್ಪಿನಲ್ಲೂ ಹತ್ತಕ್ಕೆ ಹತ್ತು ಹುಟ್ಟಲಿಲ್ಲವೇ? ಪ್ರತಿ ಚಿಪ್ಪಿನಲ್ಲೂ ಒಂದು ಕಾಳು ಹುಟ್ಟುವುದಿಲ್ಲವೆಂದು ಹಟ ಹಿಡಿದು ಕೂತಿತ್ತೇ? ಬೀಜಕ್ಕೆ ಅಂಥ ಶಿಸ್ತು ಇರುವುದಿಲ್ಲ. ಅಂಥ ಶಿಸ್ತು ಇರುವುದು ತಪ್ಪಿಗೆ. ಅಜಾಗರೂಕತೆಯ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತದೆ. ಇದು ಯಾವಾಗಲೂ ಒಂದೇ ಕಡೆಗೆ, ಒಂದೇ ಅಳತೆಗೆ ಆದ ತಪ್ಪು. ಎಣಿಕೆಯಲ್ಲಿ ಏನೋ ನಡೆದಿದೆ, ಅದೂ ಅಜ್ಜಿಯ ಕೆಮ್ಮಣ್ಣಿನ ಸಾಲಿನಲ್ಲಿ ಮಾತ್ರ.

ಮರುದಿನ ಇಬ್ಬರನ್ನೂ ಕೂರಿಸಿ ಪರೀಕ್ಷೆ ಮಾಡಿದೆ. ಚಿಪ್ಪುಗಳಲ್ಲಿ ನಾನೇ ಎಣಿಸಿ ಹುಣಸೆಬೀಜ ಹಾಕಿದ್ದೆ. ಒಬ್ಬಳು ಕೂಗಿದಳು, "ಒಂದು, ಎರಡು, ಮೂರು..." ಇನ್ನೊಬ್ಬಳು ಬೆನ್ನು ತಿರುಗಿಸಿ ಗೆರೆ ಎಳೆದಳು. ಎಲ್ಲವೂ ಸರಿ. ಒಂದೂ ತಪ್ಪಿಲ್ಲ. ನನ್ನ ಅನುಮಾನ ತಲೆ ತಗ್ಗಿಸಿತು.

ಆ ಮಧ್ಯಾಹ್ನ ಅಜ್ಜಿ ಶಾಲೆಯ ಗೇಟಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಆ ಕನ್ನಡಕದ ಹುಡುಗಿ ನನ್ನ ಜ್ವಾಳಕ್ಕ ಕಣ್ಣು ಹಾಕ್ಯಾಳ."

"ಆಕಿ ಬೆನ್ನು ಮಾಡಿ ಕುಂತಿದ್ಲಜ್ಜಿ. ನಿಮ್ಮ ಜ್ವಾಳದ ಮಾರೀನ ನೋಡಿಲ್ಲ."

"ಹಂಗಾದ್ರ ಇನ್ನೂ ಖರೆ. ನೋಡ್ಲಾರದ ಹಾಕಿದ ಕಣ್ಣು ಭಾಳ ಕೆಟ್ಟದ್ದು." ಹಾಗೆಂದು ಗೇಟಿಗೆ ಒರಗಿದರು. "ಮಗ ಇವತ್ತು ಸಂಜಿಕ ಗಿರಣಿಗೆ ಒಯ್ತೀನಿ ಅಂತಾನ. ಮಳಿ ಆಗೇತಿ, ಹೊಲ ಹದಕ್ಕ ಬರಾಕ ಹತ್ತೇತಿ, ಇನ್ನ ಕಾಯಾಂಗಿಲ್ಲ ಅಂತಾನ. ಒಯ್ಯಲಿ. ನಾ ಏನು ಆ ರೊಟ್ಟಿ ಉಣ್ಣಾಂಗಿಲ್ಲ."

ಹೊಸದಾಗಿ ಮೊಳೆಸಿ ಎಣಿಸೋಣವೆಂದರೆ ವಾರ ಬೇಕು. ಎರೆಹೊಲ ವಾರ ಕಾಯುವುದಿಲ್ಲ. ಹದ ತಪ್ಪಿದರೆ ನೆಲ ಬಿಗಿಯುತ್ತದೆ. ನನ್ನ ಕೈಯಲ್ಲಿದ್ದದ್ದು ಒಂದು ಹಾಳೆ, ಅದರ ಮೇಲೊಂದು ಖಾಲಿ ಜಾಗ. ಕೊನೆಯ ಗಂಟೆ ಹೊಡೆದ ಕೂಡಲೇ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಅವರ ಮನೆಗೆ ಹೊರಟೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಳೆಯಲಿಲ್ಲ. ಮುಂದೆ ಇಬ್ಬರೂ ಪಿಸುಗುಟ್ಟುತ್ತ ಜಗಳವಾಡುತ್ತಿದ್ದರು.

"ನಿನ್ನ ಗೆರಿ ಸುಳ್ಳು."

"ಎಂಥದು ಸುಳ್ಳು ಮಾರಾಯ್ತಿ? ನೀನು ಕೂಗಿದ್ದಕ್ಕೆ ನಾನು ಹಾಕಿದ್ದು."

ನಾವು ಹೋದಾಗ ಅಪ್ಪ ಪಡಸಾಲೆಯಲ್ಲಿ ಗಡಿಗೆಯ ಜೋಳವನ್ನು ಚೀಲಕ್ಕೆ ಸುರಿಯಲು ಕೂತಿದ್ದರು. ಬೂದಿಯನ್ನು ಮೊರದಲ್ಲಿ ಕೇರಿ ತೆಗೆದಿದ್ದರು. ಅಜ್ಜಿ ಕಂಬಕ್ಕೆ ಒರಗಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಹಿಟ್ಟು ಮಾಡುವುದು ಬೇಡವೆನ್ನುವವರೂ ಅವರೇ, ಹಿಟ್ಟಾಗುವುದಕ್ಕೆ ಮುಂಚೆ ಅಳೆಯಲೇಬೇಕು ಎನ್ನುವವರೂ ಅವರೇ.

"ಅಳದು ಹಾಕಲೇ. ಗಿರಣ್ಯಾಗ ಎಷ್ಟು ಕದ್ರು ಅನ್ನೋದರ ಗೊತ್ತಾಗ್ಲಿ."

"ಆತು ಬೇ, ಅಳೀತೀನಿ. ಬರ್ರಿ ಅಕ್ಕೋರ, ಕುಂದರ್ರಿ. ಇಷ್ಟು ಮುಗಿಸಿಬಿಡ್ತೀನಿ."

ಅವರು ಸೇರನ್ನು ಗಡಿಗೆಯಲ್ಲಿ ಅದ್ದಿ, ತುಂಬಿ, ಅಂಗೈಯಿಂದ ತಲೆ ಸವರಿ ಚೀಲಕ್ಕೆ ಸುರಿದರು. ಸುರಿಯುತ್ತ ಎಣಿಸಿದರು.

"ಲಾಭ... ಎರಡು... ಮೂರು..."

ನನ್ನ ಹಿಂದೆ ನಿಂತಿದ್ದ ಕನ್ನಡಕದ ಹುಡುಗಿ ನನ್ನ ಸೆರಗು ಜಗ್ಗಿದಳು.

"ಟೀಚರ್, ಅದು ಎಣಿಸುವುದಾ?"

"ಯಾವುದು?"

"ಲಾಭ ಅಂತ ಹೇಳಿದ್ದು. ಇವಳೂ ಹಾಗೇ ಹೇಳಿದ್ದಲ್ವಾ? ನಾನು ದೇವರ ಹೆಸರು ಹೇಳಿದ್ದು ಅಂದುಕೊಂಡೆ. ಅದಕ್ಕೆ ಗೆರೆ ಹಾಕಲಿಲ್ಲ."

ಪಡಸಾಲೆಯಲ್ಲಿ ಸೇರು ಅರ್ಧ ಅದ್ದಿದಂತೆಯೇ ನಿಂತಿತು.

ನನ್ನ ಕಣ್ಣ ಮುಂದೆ ನಮ್ಮ ಊರಿನ ಕಣ ಬಂತು. ತೂರಿದ ರಾಶಿಯ ಪಕ್ಕ ಮಂಡಿಯೂರಿದ ನನ್ನಪ್ಪ, ಹೊಟ್ಟಿನ ಧೂಳು ಮೆತ್ತಿದ ಅವರ ರೆಪ್ಪೆ, ಚೀಲದ ಬಾಯಿ ಹಿಡಿದು ನಿಂತ ಅವ್ವ. ಮನೆಯ ಧಾನ್ಯ ಅಳೆಯುವಾಗ ನಮ್ಮ ಕಡೆ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಎಣಿಕೆ ಶುಭದಿಂದ ಶುರುವಾಗಲಿ ಎಂದು. ಲಾಭ ಎಂದರೆ ಒಂದೇ, ಅದರ ಮುಂದಿನದು ಎರಡು. ನನ್ನಪ್ಪ ಲಾಭ ಎನ್ನುವಾಗ ದನಿ ತಗ್ಗಿಸುತ್ತಿದ್ದರು, ಎರಡಕ್ಕೆ ಬಂದ ಮೇಲೆ ಎಂದಿನ ದನಿ. ಆ ಪದ ನನ್ನ ಕಿವಿಗೆ ಎಷ್ಟು ಹಳೆಯದೆಂದರೆ, ಅದು ಒಂದಲ್ಲ ಎಂದು ಯಾರಿಗಾದರೂ ಅನಿಸೀತು ಎಂಬುದೇ ಹೊಳೆದಿರಲಿಲ್ಲ.

ಮೊಮ್ಮಗಳ ಕಡೆ ತಿರುಗಿದೆ. "ನೀನು ಅಜ್ಜಿ ಸಾಲಿನ ಚಿಪ್ಪಿಗೆ ಲಾಭ ಅಂದೆಯಾ?"

"ಹೌದ್ರಿ. ನಮ್ಮ ಮನಿ ಜ್ವಾಳಲ್ರಿ."

"ಪಾಕೀಟಿನ ಸಾಲಿಗೆ?"

"ಒಂದು ಅಂದೆ. ಅಂಗಡಿ ಬೀಜಕ್ಕ ಯಾರರ ಲಾಭ ಅಂತಾರೇನ್ರಿ? ಅದರ ಲಾಭ ಅಂಗಡಿಯವಗ."

ಹುಣಸೆಬೀಜದ ಪರೀಕ್ಷೆ ಏಕೆ ಸರಿಯಾಗಿ ಬಂತೆಂದು ಆಗ ತಿಳಿಯಿತು. ಹುಣಸೆಬೀಜ ಅವಳ ಮನೆಯ ರಾಶಿಯಲ್ಲ.

"ಮತ್ತೆ ಅವಳು ಎಂಟು ಅಂತ ನಿಲ್ಲಿಸಿದಾಗ ನಿನ್ನ ಗೆರೆ ಏಳೇ ಇತ್ತಲ್ಲ?" ಎಂದು ಬರೆದವಳನ್ನು ಕೇಳಿದೆ.

"ಇತ್ತು ಟೀಚರ್. ಅವಳು ಒಂದನ್ನು ಹಾರಿಸಿ ಎರಡರಿಂದ ಶುರು ಮಾಡಿದ್ದು ಅಂದುಕೊಂಡೆ. ಕೂಗಿದ ಅಂಕಿ ನಂಬಬೇಡ, ಗೆರೆ ನಂಬು ಅಂತ ನೀವೇ ಹೇಳಿದ್ದಲ್ವಾ? ಎಣಿಸುವಾಗ ಪ್ರಶ್ನೆ ಕೇಳಬಾರದು ಅಂತಲೂ ಹೇಳಿದ್ದೀರಿ."

ಎರಡೂ ನಾನೇ ಮಾಡಿದ ನಿಯಮ. ಮುಂದಿನ ವರ್ಷದಿಂದ ಆ ಎರಡನೆಯ ನಿಯಮವನ್ನು ತೆಗೆದುಹಾಕಿದೆ.

ಹುಡುಗಿಯ ಅಪ್ಪ ಸೇರನ್ನು ಕೆಳಗಿಟ್ಟು ನಗತೊಡಗಿದರು, ನಡುವೆ ನಿಲ್ಲಿಸಿದರು. "ಅಲ್ರೀ ಅಕ್ಕೋರ, ಈಗ ಹುಡುಗ್ಯಾರು ಇಬ್ಬರೂ ಕೂಡಿ ಅಜ್ಜಿ ಕಡಿ ಆಗ್ಯಾರ ಅಂತ ನಾ ತಿಳ್ಕೊಂಡ್ರ? ಆಡಂತೂ ಸಾಕ್ಷಿ ತಿಂದುಬಿಟ್ಟೈತಿ."

ಪ್ರಶ್ನೆ ಸರಿಯಾಗಿತ್ತು. ನನಗೆ ಬೇಕಾದಂತೆ ಅಂಕಿ ತಿದ್ದಿದರೆ ಅದು ವಿಜ್ಞಾನವಲ್ಲ. ಇಬ್ಬರನ್ನೂ ಎಂದಿನಂತೆ ಬೆನ್ನಿಗೆ ಬೆನ್ನು ಕೂರಿಸಿದೆ. ಅಪ್ಪನಿಗೇ ಗಡಿಗೆಯಿಂದ ಕಾಳು ತೆಗೆದು, ತಾವು ಎಣಿಸಿ, ಸಂಖ್ಯೆ ಹೇಳದೆ ಮಗಳ ಮುಂದೆ ಹಾಕಲು ಹೇಳಿದೆ. ಬರೆಯುವವಳಿಗೆ ಅಂದಿನ ಹಾಗೆಯೇ ಗೆರೆ ಹಾಕೆಂದೆ. ಪ್ರತಿ ಸಲವೂ ಗೆರೆ ಒಂದು ಕಡಿಮೆ. ಶಾಲೆಗೆ ಕೊಟ್ಟು ಉಳಿದಿದ್ದ ಅಂಗಡಿಯ ಬೀಜ ಹಾಕಿದರೆ ಸರಿ. ಮತ್ತೆ ಗಡಿಗೆಯದು ಹಾಕಿದರೆ ಒಂದು ಕಡಿಮೆ. ಅಪ್ಪ ಮೋಸ ಹಿಡಿಯಲೆಂದು ಎರಡೂ ಬೆರೆಸಿದ ಹಿಡಿ ಹಾಕಿದರು. ಮಗಳು ಒಂದು ಗಳಿಗೆ ಕೂಗದೆ ಕೂತಳು. ಆಮೇಲೆ ತಲೆಯೆತ್ತಿ, "ಅಪ್ಪಾ, ಇದು ಯಾರ ಮನಿದು ಅಂತ ಹೇಳು, ಆಮ್ಯಾಲ ಎಣಸ್ತೀನಿ" ಎಂದಳು. ಆಗ ಅವರು ತಡೆಯದೆ ಪಡಸಾಲೆ ಅದುರುವಂತೆ ನಕ್ಕರು.

ನಾನು ಹಾಳೆ ಬಿಡಿಸಿ ನೆಲದ ಮೇಲೆ ಹಾಸಿದೆ. ಹತ್ತರ ಮೇಲಿನ ಖಾಲಿ ಜಾಗ ತೋರಿಸಿದೆ. ಅಜ್ಜಿಯ ಒಂದೊಂದು ಕಂಬವನ್ನೂ ಒಂದು ಮನೆ ಬಲಕ್ಕೆ ಸರಿಸಿದರೆ ಒಂಬತ್ತರ ಎತ್ತರದ ಕಂಬ ಹತ್ತರ ಮೇಲೆ ಹೋಗಿ ನಿಲ್ಲುತ್ತದೆ. ಪ್ರತಿ ಚಿಪ್ಪಿಗೆ ಒಂದು ಕೂಡಿದರೆ ಸರಾಸರಿಗೂ ಒಂದೇ ಕೂಡುತ್ತದೆ. ಎಂಟಿದ್ದದ್ದು ಒಂಬತ್ತು. ಪಾಕೀಟಿನದೂ ಹೆಚ್ಚುಕಡಿಮೆ ಅದೇ ಒಂಬತ್ತು. ಕೂದಲೆಳೆಯ ಅಂತರವನ್ನು ಇಪ್ಪತ್ತು ಚಿಪ್ಪು ನೋಡಿ ಹೆಚ್ಚು ಎನ್ನಲೂ ಬಾರದು, ಕಡಿಮೆ ಎನ್ನಲೂ ಬಾರದು.

"ಅಂದ್ರ ಸಮ" ಎಂದರು ಅಪ್ಪ.

"ಸಮ."

ಅಜ್ಜಿ ಎಲೆಯಡಿಕೆ ಒಂದು ದವಡೆಗೆ ಸರಿಸಿ ಹೇಳಿದರು, "ನಾ ಮೊದಲ ಹೇಳಿದ್ದೆ."

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಸಂತೋಷ. ಆದರೆ ಹಾಳೆ ಇನ್ನೊಂದು ಮಾತನ್ನೂ ಹೇಳುತ್ತಿತ್ತು, ಅದನ್ನು ಮುಚ್ಚಿಡುವುದು ಮಾರಿ ತೊಳೆದು ತೋರಿಸಿದಂತೆಯೇ ಆಗುತ್ತಿತ್ತು. ಸರಿಸಿದ ಮೇಲೂ ಅಜ್ಜಿಯ ಕಂಬಗಳು ಏಳರಿಂದ ಹತ್ತರವರೆಗೆ ಹರಡಿದ್ದವು. ಪಾಕೀಟಿನವು ಎಂಟರಿಂದ ಹತ್ತರೊಳಗೆ ಒತ್ತಾಗಿ ನಿಂತಿದ್ದವು.

"ಅಜ್ಜಿ, ಸರಾಸರಿ ಸಮ ಅದಾವು, ಖರೆ. ಆದ್ರ ನಿಮ್ಮ ಬೀಜ ಒಂದು ಕಡಿ ಪೂರ್ತಿ ಹುಟ್ಟೈತಿ, ಒಂದು ಕಡಿ ಮೂರು ಕಾಳು ಕೆಟ್ಟಾವು. ಅಂಗಡೀದು ಎಲ್ಲಾ ಕಡಿ ಒಂದ ನಮೂನಿ. ಹೋದ ವರ್ಷ ಸಾಲಿನಾಗ ಖಾಲಿ ಬಿದ್ದಿತ್ತು ಅಂದ್ರಲ್ಲ ನಿಮ್ಮ ಮಗ, ಅದು ಇದಕ್ಕ ಇರಬೌದು. ಗಡಿಗ್ಯಾಗ ಎರಡು ಥರದ ಬೀಜ ಕೂಡ್ಯಾವೇನು?"

ಅಜ್ಜಿ ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬಂದರು. ಮತ್ತೆ ಕಂಬಕ್ಕೆ ಒರಗಿ ಕೂತರು.

"ಹಿಂದಿನ ವರ್ಷದ್ದು ಅಷ್ಟು ಉಳದಿತ್ತು. ಚೆಲ್ಲಾಕ ಆಗ್ತೈತೇನು? ಮ್ಯಾಲಿಂದ ಸುರುವಿ ಕಲಸಿದ್ದೆ. ಹೋದ ವರ್ಷಾನೂ ಹಂಗ ಮಾಡಿದ್ದೆ."

"ಯವ್ವಾ!" ಎಂದರು ಮಗ. "ಹೋದ ವರ್ಷದಿಂದ ನನ್ನ ಕೈಗೆ ಬೈದಿ, ಕೂರಿಗಿ ಹಿಡಿಯಾಕ ಬರೂದಿಲ್ಲ ಅಂದಿ, ಎತ್ತಿಗೆ ಬೈದಿ!"

"ಎತ್ತೂ ಸುಮಾರ ಅದಾವ ಬಿಡು."

ಹುಡುಗಿಯರಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಕರಾವಳಿಯವಳಿಗೆ ಅರ್ಧ ಮಾತು ಅರ್ಥವಾಗಿರಲಿಕ್ಕಿಲ್ಲ, ಆದರೂ ಅವಳೇ ಹೆಚ್ಚು ನಗುತ್ತಿದ್ದಳು.

ಅಪ್ಪ ಅರ್ಧ ತುಂಬಿದ ಚೀಲದ ಬಾಯಿ ಹಿಡಿದು ಕೂತರು. ಗಿರಣಿ ಮುಚ್ಚುವ ಹೊತ್ತಾಗುತ್ತಿತ್ತು. ಅವರ ಮಾತು ಸಮ ಬಂದರೆ ಬಿತ್ತುತ್ತೇನೆ ಎಂದಿತ್ತು, ಸಮ ಬಂದಿತ್ತು. ಆದರೆ ಎಲ್ಲ ಕಡೆ ಒಂದೇ ನಮೂನೆ ಹುಟ್ಟುವ ಬೀಜ ಬೇಕೆನ್ನುವ ರೈತನನ್ನು ತಪ್ಪೆನ್ನಲು ನನ್ನ ಹಾಳೆಗೆ ಅಧಿಕಾರವಿರಲಿಲ್ಲ. ಹಾಳೆ ಎರಡನ್ನೂ ತೋರಿಸಿತ್ತು. ತೀರ್ಮಾನ ಅವರದು. ಮಗಳು ಅಪ್ಪನ ಕೈಗಳನ್ನೇ ನೋಡುತ್ತಿದ್ದಳು. ಅಜ್ಜಿ ಮಾತ್ರ ಬಾಗಿಲ ಆಚೆ ಯಾವುದೋ ಕೋಳಿಯನ್ನು ನೋಡುತ್ತಿದ್ದರು.

"ಕಾಳು ಒಂಚೂರು ಒತ್ತಾಗಿ ಬಿಟ್ರ ಖಾಲಿ ಬೀಳೂದಿಲ್ಲಲ್ರಿ?" ಎಂದು ಅಪ್ಪ ಕೊನೆಗೆ ನನ್ನನ್ನು ಕೇಳಿದರು.

"ಕಮ್ಮಿ ಬೀಳಬೌದು. ಪೂರ್ತಿ ಇಲ್ಲ ಅಂತ ನಾ ಹೇಳಾಂಗಿಲ್ಲ."

"ಸಾಕ್ರಿ. ಅಷ್ಟು ಖಾಲಿ ಇದ್ರ ಇರ್ಲಿ." ಚೀಲದ ಬಾಯನ್ನು ತಿರುಚಿ ದಾರ ಸುತ್ತಿದರು. "ಆದ್ರ ಯವ್ವಾ, ಈ ಸುಗ್ಗಿಯಿಂದ ಹಳೇದು ಹೊಸಾದು ಕಲಸಿದಿ ಅಂದ್ರ ನಾ ನಿಂಗ ಗಿರಣಿಗೆ ಹಾಕಸ್ತೀನಿ ನೋಡು."

"ಹಾಕಸು. ನನ್ನ ಹಿಟ್ಟಿನ ರೊಟ್ಟಿ ತಟ್ಟಾಕ ಬರ್ತೈತೇನು ನಿನ್ನ ಹೆಂಡ್ತಿಗೆ?"

ಒಳಗಿನಿಂದ ಸೊಸೆ, "ನನ್ನನ್ಯಾಕ ನಡಕ ಎಳೀತೀರಿ?" ಎಂದು ಕೂಗಿದರು. ಅಪ್ಪ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡರು. ಅಂಗಳದಲ್ಲಿ ಗಿರಣಿಗೆ ಹೋಗಲು ಸಿದ್ಧವಾಗಿ ನಿಂತಿದ್ದ ಬೈಕಿನ ಕಡೆ ಹೋಗದೆ, ಬಿತ್ತುವ ಕೂರಿಗೆ ಇಟ್ಟಿದ್ದ ಹಿಂದಿನ ಕೋಣೆಯ ಕಡೆ ನಡೆದರು.

ಅಜ್ಜಿ ಆಗ ಕೋಳಿಯಿಂದ ಕಣ್ಣು ತೆಗೆದರು.

"ಲೇ, ನೆಲದ ಮ್ಯಾಲ ಇಡಬ್ಯಾಡ. ತೇವ ಐತಿ. ಮಣೆ ಹಾಕಿ ಇಡು."